ಸರ್ವಋತು ಟಯರು ಮತ್ತು ಮೃಗಶಿರಾ ಮಳೆ

‘ಆಲ್ ಸೀಸನ್’ ಎಂಬ ಎರಡು ಶಬ್ದಗಳು ನಮ್ಮ ಶಿವಮೊಗ್ಗದ ಟಯರು ಅಂಗಡಿಗಳಿಗೂ ಬಂದಿಳಿದಿವೆ. ಭದ್ರಾವತಿಯಿಂದ ದಿನವೂ ಶಿವಮೊಗ್ಗಕ್ಕೆ ಕಾರಿನಲ್ಲಿ ಓಡಾಡುವ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ದೂರವಾಣಿ ಮಾಡಿ ಕೇಳಿದ ಪ್ರಶ್ನೆ ಒಂದೇ: “ಸಾರ್, ಆಲ್ ಸೀಸನ್ ಹಾಕಿಸಲೋ, ಮಾಮೂಲಿಯೇ ಸಾಕೋ?” ಅವರಿಬ್ಬರಿಗೂ ಬೇರೆಬೇರೆಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ. ಇದು ಸಲಹೆಗಿಂತ ಹೆಚ್ಚಾಗಿ ಜಗಳವೆಂಬುದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಜಗಳ ಅಂಗಡಿಯವರೊಡನೆ ಅರ್ಧ, ನಮ್ಮವರೊಡನೆ ಅರ್ಧ.

ಮೂವತ್ತು ವರ್ಷ ಗಣಿತ, ಭೌತಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರಿಗೆ ಟಯರಿನ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಘರ್ಷಣೆಯ ಪಾಠವನ್ನು ಮರದ ತುಂಡು, ಇಳಿಜಾರು ಹಲಗೆಗಳನ್ನಿಟ್ಟುಕೊಂಡು ಅದೆಷ್ಟು ಬಾರಿ ಮಾಡಿದ್ದೇನೋ ನನಗೇ ಲೆಕ್ಕವಿಲ್ಲ. ಆ ಪಾಠ ಪರೀಕ್ಷೆಯ ಐದು ಅಂಕಗಳಿಗಾಗಿ ಇದ್ದುದಲ್ಲ ಎಂಬುದನ್ನು ಮಾಚೇನಹಳ್ಳಿಯ ಹತ್ತಿರ ಒಮ್ಮೆ ಮಳೆಯಲ್ಲಿ ಬ್ರೇಕು ಒತ್ತಿದವರೆಲ್ಲರೂ ಬಲ್ಲರು.

ನನ್ನ ಅಭಿಮತವನ್ನು ಮೊದಲೇ ಹೇಳುತ್ತೇನೆ. ‘ಆಲ್ ಸೀಸನ್’ ಎಂಬ ಹೆಸರಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಆದರೆ ಮಾಮೂಲಿ ಟಯರನ್ನು ಬೋಳಾಗುವವರೆಗೆ ಓಡಿಸಿ, ಆ ಜಿಪುಣತನಕ್ಕೆ ಮಿತವ್ಯಯವೆಂಬ ಗೌರವದ ಹೆಸರನ್ನೂ ಇಡಬೇಡಿ. ಮೊದಲನೆಯದು ಅಂಗಡಿಯವನು ನಮಗೆ ಹಾಕುವ ಟೋಪಿ, ಎರಡನೆಯದು ನಮಗೆ ನಾವೇ ಹಾಕಿಕೊಳ್ಳುವುದು. ಈ ಎರಡನೆಯದರ ಮೇಲೆಯೇ ನನಗೆ ಹೆಚ್ಚು ಸಿಟ್ಟು.

ಅಂಗಡಿಯ ಸಂಗತಿಯನ್ನು ಮೊದಲು ಮುಗಿಸುತ್ತೇನೆ. ನೆಂಟರೊಬ್ಬರ ಜೊತೆ ಶಿವಮೊಗ್ಗದ ಒಂದು ಅಂಗಡಿಗೆ ಹೋಗಿದ್ದೆ. ಯಾವ ಅಂಗಡಿ ಎಂಬುದು ಇಲ್ಲಿ ಮುಖ್ಯವಲ್ಲ. ಅಲ್ಲಿದ್ದ ಯುವಕ ಒಂದು ಟಯರನ್ನು ಉರುಳಿಸಿಕೊಂಡು ಬಂದು, “ಇದು ಆಲ್ ಸೀಸನ್ ಸಾರ್, ಒಂದಕ್ಕೆ ಸಾವಿರ ರೂಪಾಯಿ ಜಾಸ್ತಿ, ಆದರೆ ವರ್ಷವಿಡೀ ಚಿಂತೆಯಿಲ್ಲ” ಎಂದ. ಹಾಗಾದರೆ ಉಳಿದ ಟಯರುಗಳನ್ನು ವರ್ಷದಲ್ಲಿ ಎಷ್ಟು ತಿಂಗಳು ಬಿಚ್ಚಿಡಬೇಕಪ್ಪ ಎಂದು ಕೇಳಿದೆ. ಅವನು ನಕ್ಕ. ಟಯರಿನ ಪಕ್ಕದಲ್ಲಿ ‘ಎಂ ಪ್ಲಸ್ ಎಸ್’ ಎಂದು ಅಚ್ಚಾಗಿತ್ತು. ಹಾಗೆಂದರೇನು ಎಂದೆ. “ಎಂ ಅಂದರೆ ಮಳೆ, ಎಸ್ ಅಂದರೆ ಸೆಕೆ ಸಾರ್!” ಎಂದು ಒಂದು ಕ್ಷಣವೂ ತಡವರಿಸದೆ ಹೇಳಿಬಿಟ್ಟ. ಅವನ ಕನ್ನಡಪ್ರೇಮಕ್ಕೆ ಮೆಚ್ಚಿದೆನಾದರೂ ಟಯರು ಕೊಳ್ಳಲಿಲ್ಲ.

ಎಂ ಎಂದರೆ ಮಡ್, ಎಸ್ ಎಂದರೆ ಸ್ನೋ. ಕೆಸರು ಮತ್ತು ಹಿಮ. ಈ ಗುರುತನ್ನು ತಯಾರಕರು ತಾವೇ ಹಾಕಿಕೊಳ್ಳಬಹುದು. ಅದಕ್ಕೆ ಹಿಮದ ಮೇಲಿನ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಬೇಕೆಂಬ ನಿಯಮವಿಲ್ಲ. ಪರೀಕ್ಷೆಯಲ್ಲಿ ಗೆದ್ದ ಟಯರಿಗೆ ಬೇರೆಯೇ ಚಿಹ್ನೆಯಿದೆ: ಮೂರು ಶಿಖರಗಳ ಬೆಟ್ಟ, ಅದರೊಳಗೊಂದು ಹಿಮದ ಹರಳು. ‘ಸರ್ವಋತು’ ಎಂಬ ಮಾತು ಹುಟ್ಟಿದ್ದು ಚಳಿಗಾಲ ಬಂತೆಂದರೆ ಟಯರು ಬದಲಿಸಲೇಬೇಕಾದ ದೇಶಗಳಲ್ಲಿ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆಯ ಟಯರಿನ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೆಂದು ಅವರು ಮೆತ್ತನೆಯ ರಬ್ಬರಿನ ಚಳಿಗಾಲದ ಟಯರನ್ನು ಮಾಡಿಕೊಂಡರು. ವರ್ಷಕ್ಕೆರಡು ಬಾರಿ ಬದಲಿಸುವ ತೊಂದರೆ ಬೇಡವೆನ್ನುವವರಿಗಾಗಿ ಇವೆರಡರ ನಡುವಿನ ರಾಜಿಯೊಂದನ್ನು ಕಂಡುಕೊಂಡರು. ಆ ರಾಜಿಗೆ ಇಟ್ಟ ಹೆಸರು ಆಲ್ ಸೀಸನ್.

ತಮಾಷೆಯೆಂದರೆ ಆ ನಾಡುಗಳಲ್ಲೇ ಈ ರಾಜಿಯನ್ನು ಎಲ್ಲರೂ ಒಪ್ಪುವುದಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿರುವ ನನ್ನ ತಂಗಿಯ ಮಗ, “ಮಾವ, ಊರಿನ ಕಾರಿಗೆ ಒಳ್ಳೆಯ ಆಲ್ ಸೀಸನ್ ಹಾಕಿಸಿ, ದುಡ್ಡು ನಾನು ಕಳಿಸುತ್ತೇನೆ” ಎಂದಿದ್ದ. ಅವನಿರುವ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟಯರು ಕಡ್ಡಾಯ. ಬೆಟ್ಟ ಮತ್ತು ಹಿಮದ ಹರಳಿನ ಚಿಹ್ನೆಯಿಲ್ಲದ ಬರೀ ಆಲ್ ಸೀಸನ್ ಟಯರು ಅಲ್ಲಿ ಆ ತಿಂಗಳುಗಳಲ್ಲಿ ಕಾನೂನಿಗೆ ವಿರುದ್ಧ. ಅವನ ಊರಿನಲ್ಲೇ ಎಲ್ಲ ಋತುಗಳಿಗೂ ಸಲ್ಲದ ಟಯರು ನಮ್ಮ ನಿಡಿಗೆಯಲ್ಲಿ ಸರ್ವಋತುವಾಗುವುದು ಹೇಗೆ? ಹಾಗೆಂದು ಬರೆದು ತಿಳಿಸಿದೆ. “ಹೌದಲ್ಲ ಮಾವ” ಎಂದ. ದುಡ್ಡಿನ ಮಾತು ಅಲ್ಲಿಗೇ ನಿಂತಿತೆಂಬುದು ಬೇರೆ ವಿಷಯ.

ನಮ್ಮ ಊರಿಗೆ ಬರೋಣ. ಧನುರ್ಮಾಸದ ಬೆಳಗಿನ ಜಾವದಲ್ಲಿ ತುಂಗೆಯ ಸೇತುವೆಯ ಮೇಲೆ ಮಂಜು ಕವಿದಿರುತ್ತದೆ, ಕಿವಿಗೆ ಮಫ್ಲರು ಬೇಕಾಗುತ್ತದೆ. ಆದರೆ ರಬ್ಬರು ಗಡುಸಾಗುವಂಥ ಚಳಿ ನಮ್ಮಲ್ಲಿಲ್ಲ. ನಮಗಿರುವುದು ಟಯರಿನ ಮಟ್ಟಿಗೆ ಎರಡೇ ಋತು. ಒಂದು, ಡಾಂಬರು ಕಾದು ಹೆಂಚಾಗುವ ಚೈತ್ರ ವೈಶಾಖ. ಇನ್ನೊಂದು ಮಳೆ. ನಮ್ಮ ದೇಶದ ಅಂಗಡಿಗಳಲ್ಲಿ ಸಿಗುವ ಮಾಮೂಲಿ ಟಯರುಗಳೆಲ್ಲವೂ ಈ ಎರಡಕ್ಕಾಗಿಯೇ ಮಾಡಿದವು. ಹೀಗಿರುವಾಗ ಕೇಳಬೇಕಾದ ಪ್ರಶ್ನೆ ಟಯರಿಗೆ ಎಷ್ಟು ಋತುಗಳು ಸಲ್ಲುತ್ತವೆ ಎಂಬುದಲ್ಲ. ಈ ಟಯರು ಮೃಗಶಿರಾ ಮಳೆಗೆ ನಿಲ್ಲುತ್ತದೆಯೇ ಎಂಬುದು.

ಮೃಗಶಿರೆಯ ಹೆಸರನ್ನು ಸುಮ್ಮನೆ ಎತ್ತಲಿಲ್ಲ. ಜೂನ್ ಮೊದಲ ವಾರ ಕಳೆಯುವ ಹೊತ್ತಿಗೆ ಬೀಳುವ ಆ ಮೊದಲ ಮಳೆಗಳು, ರಭಸದ ಆರಿದ್ರಾ ಪುನರ್ವಸುಗಳಿಗಿಂತ ಒಂದು ಲೆಕ್ಕದಲ್ಲಿ ಅಪಾಯಕಾರಿ. ಬೇಸಿಗೆಯಿಡೀ ಲಾರಿಗಳು ತೊಟ್ಟಿಕ್ಕಿಸಿದ ಎಣ್ಣೆ, ಸವೆದ ರಬ್ಬರಿನ ಪುಡಿ, ದೂಳು, ಇವೆಲ್ಲ ರಸ್ತೆಯ ಮೇಲೆ ಕುಳಿತಿರುತ್ತವೆ. ತೆಳ್ಳಗೆ ನೀರು ಬಿದ್ದೊಡನೆ ಅವು ಕಲಸಿಕೊಂಡು ಪಾಚಿಗಟ್ಟಿದ ಬಚ್ಚಲಿನಂತಾಗುತ್ತವೆ. ಜೋರು ಮಳೆ ಬಂದು ತೊಳೆದುಕೊಂಡು ಹೋದ ಮೇಲೆ ವಾಸಿ. ಆಮೇಲೆ ಗದ್ದೆಯ ಕೆಲಸ ಶುರುವಾಗುತ್ತದೆ. ನಾಲೆಯ ಕಡೆಯಿಂದ ಹೆದ್ದಾರಿಗೆ ಏರಿದ ಟಿಲ್ಲರುಗಳು ಮಾರುದ್ದಕ್ಕೆ ಕೆಸರು ಬಿಟ್ಟುಹೋಗುತ್ತವೆ.

ಈ ರಸ್ತೆಯಲ್ಲಿ ಈಗ ಯಾರು ಓಡಾಡುತ್ತಿದ್ದಾರೆ ಎಂಬುದನ್ನೂ ಯೋಚಿಸಿ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಭದ್ರಾವತಿಗೆ ಬೇರೆ ಊರಿನವರು ಕೆಲಸಕ್ಕೆ ಬರುತ್ತಿದ್ದರೇ ಹೊರತು ಭದ್ರಾವತಿಯವರು ಹೊರಗೆ ಹೋಗುತ್ತಿದ್ದುದು ಕಡಮೆ. 1923ರಲ್ಲಿ ಕಬ್ಬಿಣ ಹರಿಸಲಾರಂಭಿಸಿದ ಕಾರ್ಖಾನೆ ಒಂದು ಕಡೆ, ಕಾಗದದ ಕಾರ್ಖಾನೆ ಇನ್ನೊಂದು ಕಡೆ. ಸೈರನ್ನು ಕೂಗಿದರೆ ಸೈಕಲ್ಲುಗಳ ಹೊಳೆ. ಕಾಗದದ ಯಂತ್ರಗಳು ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಊರು ಬೀದಿಗಿಳಿದದ್ದು ನಿಮಗೆಲ್ಲ ನೆನಪಿದೆ. ಆ ಮನೆಗಳ ಮಕ್ಕಳು ಇಂದು ಶಿವಮೊಗ್ಗದ ಆಸ್ಪತ್ರೆ, ಕಾಲೇಜು, ಬ್ಯಾಂಕು, ಶೋರೂಮುಗಳಿಗೆ ದಿನವೂ ಹೋಗಿಬರುತ್ತಾರೆ. ಇಬ್ಬರು ಮೂವರು ಸೇರಿ ಒಂದು ಹಳೆಯ ಆಲ್ಟೊವನ್ನೋ ವ್ಯಾಗನಾರನ್ನೋ ಇಟ್ಟುಕೊಂಡು ಪೆಟ್ರೋಲು ಹಂಚಿಕೊಳ್ಳುವವರೂ ಇದ್ದಾರೆ. ಇವರಿಗೆ ಟಯರಿನ ನಾಲ್ಕು ಸಾವಿರ ದೊಡ್ಡ ಮೊತ್ತವೇ. ಆದ್ದರಿಂದಲೇ ಈ ಲೇಖನದಲ್ಲಿ ‘ಎಷ್ಟಾದರೂ ಸರಿ, ಒಳ್ಳೆಯದನ್ನೇ ಕೊಳ್ಳಿ’ ಎಂಬ ಶ್ರೀಮಂತರ ಬೋಧನೆಯಿಲ್ಲ.

ಬೆಲೆಯ ಲೆಕ್ಕ ಮಾಡೋಣ. ಹಾಳೆ ಪೆನ್ಸಿಲು ತೆಗೆದುಕೊಳ್ಳಿ. ಮನೆಯಿಂದ ಕಚೇರಿಗೆ 20 ಕಿಲೋಮೀಟರ್, ಹೋಗಿ ಬಂದರೆ 40. ವರ್ಷಕ್ಕೆ 280 ದಿನವೆಂದರೆ 11,200 ಕಿಲೋಮೀಟರ್. ಮಧ್ಯಮ ದರ್ಜೆಯ ಹೊಸ ಟಯರು ಒಂದಕ್ಕೆ 4,500 ರೂಪಾಯಿ ಎಂದಿಟ್ಟುಕೊಳ್ಳಿ, ನಾಲ್ಕಕ್ಕೆ 18,000. ಅದು 40,000 ಕಿಲೋಮೀಟರ್ ಬಾಳಿದರೆ ಕಿಲೋಮೀಟರಿಗೆ 45 ಪೈಸೆ, ದಿನಕ್ಕೆ 18 ರೂಪಾಯಿ. ಇನ್ನು ‘ಸೆಕೆಂಡ್ಸ್’ ಟಯರು, ಅಂದರೆ ಬೇರೊಬ್ಬರು ಓಡಿಸಿ ಬಿಸಾಡಿದ್ದು, ಒಂದಕ್ಕೆ 2,000ಕ್ಕೆ ಸಿಕ್ಕಿತೆನ್ನಿ. ನಾಲ್ಕಕ್ಕೆ 8,000. ಉಳಿದಿರುವ ಆಯುಷ್ಯ 12,000 ಕಿಲೋಮೀಟರ್ ಎಂದು ಧಾರಾಳವಾಗಿಯೇ ಹಿಡಿಯೋಣ. ಕಿಲೋಮೀಟರಿಗೆ 67 ಪೈಸೆ ಬಿತ್ತು. ಯಾವುದು ಅಗ್ಗ? ಇನ್ನೊಂದು ತುದಿಯಲ್ಲಿ, ಒಂದಕ್ಕೆ 8,000 ಕೊಟ್ಟು ತಂದ ವಿಲಾಯಿತಿ ಟಯರು 45,000 ಓಡಿದರೂ ಕಿಲೋಮೀಟರಿಗೆ 71 ಪೈಸೆ. ಬೆಲೆಗಳನ್ನು ನಿಮ್ಮ ಅಂಗಡಿಯ ಬೆಲೆಗೆ ತಿದ್ದಿಕೊಳ್ಳಿ, ಲೆಕ್ಕದ ರೀತಿ ಅದೇ. ಜಂಬದವನೂ ಜಿಪುಣನೂ ಹೆಚ್ಚುಕಡಮೆ ಒಂದೇ ದರ ತೆರುತ್ತಾರೆ. ವ್ಯತ್ಯಾಸವೆಂದರೆ ಜಂಬದವನು ಮಳೆಯಲ್ಲಿ ಮನೆ ಸೇರುತ್ತಾನೆ.

ಸೆಕೆಂಡ್ಸ್ ಟಯರಿನ ವಿಷಯದಲ್ಲಿ ನನ್ನ ಆಕ್ಷೇಪ ದುಡ್ಡಿನದು ಮಾತ್ರವಲ್ಲ. ಅದರ ಪೂರ್ವಚರಿತ್ರೆ ಯಾರಿಗೂ ತಿಳಿಯದು. ಹೊಂಡಕ್ಕೆ ಬಿದ್ದು ಒಳಗಿನ ಉಕ್ಕಿನ ತಂತಿ ತುಂಡಾಗಿದೆಯೋ, ಗಾಳಿಯಿಲ್ಲದೆ ಐದಾರು ಕಿಲೋಮೀಟರ್ ಓಡಿ ಪಕ್ಕೆ ಸವೆದಿದೆಯೋ, ಹೊರಗೆ ಕಪ್ಪು ಪಾಲಿಶು ಬಳಿದಿಟ್ಟರೆ ಮದುವೆಗೆ ಹೊರಟವನಂತೆ ಕಾಣುತ್ತದೆ. ಕೆಲವರು ಸವೆದ ಗೀರುಗಳನ್ನು ಬಿಸಿ ಉಪಕರಣದಿಂದ ಮತ್ತೆ ಆಳವಾಗಿ ಕೊರೆದು ಮಾರುವುದೂ ಉಂಟು. ಕಾರಿನ ಟಯರಿನಲ್ಲಿ ಹಾಗೆ ಕೊರೆಯಲು ಹೆಚ್ಚುವರಿ ರಬ್ಬರು ಇರುವುದಿಲ್ಲ. ಕೊರೆದಷ್ಟೂ ಒಳಪದರಕ್ಕೆ ಹತ್ತಿರವಾಗುತ್ತದೆ.

ಈಗ ಭೌತಶಾಸ್ತ್ರ. ಹತ್ತನೆಯ ತರಗತಿಯ ಸೂತ್ರಗಳೇ ಸಾಕು. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಮುಂದೆ ಎಮ್ಮೆ ಅಡ್ಡ ಬಂತೆಂದು ಕಣ್ಣು ಕಂಡು, ಕಾಲು ಬ್ರೇಕಿಗೆ ಹೋಗುವುದರೊಳಗೆ ಒಂದು ಸೆಕೆಂಡು, ಅಂದರೆ 22 ಮೀಟರ್, ಕಳೆದುಹೋಯಿತು. ಅದು ಎಲ್ಲರಿಗೂ ಸಮಾನ. ಆಮೇಲಿನದು ಟಯರಿನ ಪಾಲು. ಒದ್ದೆ ರಸ್ತೆಯಲ್ಲಿ ಗೀರು ತುಂಬಿರುವ ಟಯರಿನ ಘರ್ಷಣಾಂಕ 0.5, ಸವೆದದ್ದರದು 0.35 ಎಂದಿಟ್ಟುಕೊಳ್ಳಿ. ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವದ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿ. ಮೊದಲನೆಯ ಕಾರು 50 ಮೀಟರಿನಲ್ಲಿ ನಿಲ್ಲುತ್ತದೆ. ಎರಡನೆಯದಕ್ಕೆ 72 ಮೀಟರ್ ಬೇಕು. ಇಪ್ಪತ್ತೆರಡು ಮೀಟರ್ ತಾನೇ ಎನ್ನಬೇಡಿ. ಮೊದಲನೆಯ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಗಂಟೆಗೆ 44 ಕಿಲೋಮೀಟರ್ ವೇಗದಲ್ಲಿರುತ್ತದೆ. ಲೆಕ್ಕ ಮಾಡಿ ನೋಡಿ. ತಪ್ಪಿದ್ದರೆ ನನಗೆ ಬರೆಯಿರಿ, ನನ್ನ ಅಂಕ ಕಳೆಯಿರಿ.

ಇದು ತೆಳುವಾದ ನೀರಿನ ಮಾತು. ನೀರು ನಿಂತಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ಟಯರಿನ ಗೀರುಗಳು ಇರುವುದೇ ಅಡಿಯ ನೀರನ್ನು ಪಕ್ಕಕ್ಕೆ ದೂಡುವುದಕ್ಕೆ. ಗೀರು ಸವೆದಾಗ, ಅಥವಾ ಅದರ ಆಳಕ್ಕಿಂತ ನೀರು ಹೆಚ್ಚಾದಾಗ, ಚಕ್ರ ನೀರಿನ ಮೇಲೆಯೇ ತೇಲತೊಡಗುತ್ತದೆ. ಸ್ಟೇರಿಂಗು ತಿರುಗಿಸಿದರೂ ಕಾರು ತಿರುಗದು, ಬ್ರೇಕು ಒತ್ತಿದರೂ ನಿಲ್ಲದು. ಅಮೆರಿಕದ ನಾಸಾ ಸಂಸ್ಥೆಯವರು 1960ರ ದಶಕದಲ್ಲಿ ವಿಮಾನದ ಚಕ್ರಗಳ ಮೇಲೆ ಪ್ರಯೋಗ ಮಾಡಿ ಈ ತೇಲುವಿಕೆಗೆ ಒಂದು ಸರಳ ಸೂತ್ರ ಕೊಟ್ಟರು. ತೇಲುವ ವೇಗ ಟಯರಿನೊಳಗಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅವಲಂಬಿಸಿದೆ. 30 ಪೌಂಡು ಗಾಳಿಯಿದ್ದರೆ ಸುಮಾರು 91 ಕಿಲೋಮೀಟರ್ ವೇಗದಲ್ಲಿ ಬೋಳು ಟಯರು ತೇಲುತ್ತದೆ. 20 ಪೌಂಡಿಗೆ ಇಳಿದಿದ್ದರೆ 75ರ ಒಳಗೇ ತೇಲುತ್ತದೆ. ನಮ್ಮ ಹೆದ್ದಾರಿಯಲ್ಲಿ ಎಲ್ಲರೂ ಓಡಿಸುವ ವೇಗವೇ ಅದು! ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಸಲು ಸಾಲು ನಿಲ್ಲಬೇಕೆಂದು ತಿಂಗಳುಗಟ್ಟಲೆ ಮುಂದೂಡುವವರು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕು. ಬಾಗಿಲು ತೆರೆದರೆ ಕಂಬದ ಮೇಲೆ ಚೀಟಿ ಅಂಟಿಸಿರುತ್ತಾರೆ, ಎಷ್ಟು ಗಾಳಿ ಬೇಕೆಂದು. ‘ಮೂವತ್ತು ಹಾಕಪ್ಪ’ ಎಂದು ಅಂದಾಜಿನಲ್ಲಿ ಹೇಳುವ ಬದಲು ಅದನ್ನು ನೋಡಿ ಹೇಳಬಹುದಲ್ಲ. ಹಣ ಕೊಟ್ಟು ನೈಟ್ರೋಜನ್ನೇ ತುಂಬಿಸಬೇಕೆನ್ನುವವರಿಗೆ ಒಂದು ಮಾತು: ನೀವು ಉಸಿರಾಡುವ ಗಾಳಿಯಲ್ಲಿ ಅದು ಶೇಕಡ 78ರಷ್ಟು ಪುಕ್ಕಟೆಯಾಗಿ ಇದೆ.

ಟಯರು ಬದಲಿಸುವುದು ಯಾವಾಗ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೆಯ ನಿಯಮದಂತೆ ಕಾರಿನ ಟಯರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಮೆಯಾಗಬಾರದು. ಇದನ್ನು ಅಳೆಯಲು ಉಪಕರಣವೂ ಬೇಡ. ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಅವು ಎಲ್ಲಿವೆ ಎಂದು ತೋರಿಸಲು ಪಕ್ಕದಲ್ಲಿ ಟಿ.ಡಬ್ಲ್ಯು.ಐ. ಎಂದೋ ತ್ರಿಕೋನವೆಂದೋ ಗುರುತಿರುತ್ತದೆ. ದಿಬ್ಬಗಳು ಮೇಲ್ಮೈಗೆ ಸಮವಾದರೆ ಟಯರಿನ ಕಥೆ ಮುಗಿಯಿತು. ಆದರೆ ಅದು ಕಾನೂನಿನ ಕಟ್ಟಕಡೆಯ ಗೆರೆ. ಮೂವತ್ತೈದು ಅಂಕ ತೆಗೆದು ಪಾಸಾದ ಹಾಗೆ. ನಮ್ಮ ಮಳೆಗೆ ನನ್ನ ಗೆರೆ 3 ಮಿಲಿಮೀಟರ್. ಹೊಸ ಟಯರಿನಲ್ಲಿ ಏಳೆಂಟು ಇರುತ್ತದೆ. ಮೇ ತಿಂಗಳ ಕೊನೆಗೆ 3ಕ್ಕೆ ಬಂದಿದ್ದರೆ, ದೀಪಾವಳಿಯವರೆಗೆ ತಳ್ಳೋಣವೆಂಬ ಆಲೋಚನೆ ಬೇಡ. ತಳ್ಳುವ ಆ ಐದು ತಿಂಗಳೇ ನಮ್ಮ ಮಳೆಗಾಲ. ಇದರಿಂದ ಉಳಿಯುವುದೆಷ್ಟು? ದಿನಕ್ಕೆ 18 ರೂಪಾಯಿ. ಹೋಟೆಲಿನ ಒಂದು ಕಾಫಿ.

ಮಿತವ್ಯಯವನ್ನು ನಾನು ಹಗುರವಾಗಿ ಕಾಣುವವನಲ್ಲ. ನಮ್ಮ ಬಾಲ್ಯದಲ್ಲಿ ಟಯರಿನ ಒಂದು ಚೂರೂ ವ್ಯರ್ಥವಾಗುತ್ತಿರಲಿಲ್ಲ. ಲಾರಿಯ ಟಯರು ಕತ್ತರಿಸಿ ಚಪ್ಪಲಿ ಮಾಡುತ್ತಿದ್ದರು. ಹೊಲಗದ್ದೆಗಳಲ್ಲಿ ಆ ಚಪ್ಪಲಿ ಐದು ವರ್ಷ ಬರುತ್ತಿತ್ತು. ಬಾವಿಗೆ ಇಳಿಬಿಡುವ ರಬ್ಬರಿನ ಬಕೆಟ್ಟೂ ಟಯರಿನದೇ. ಸೈಕಲ್ಲಿನ ಹಳೆಯ ಟಯರು ಸಿಕ್ಕಿದ ಹುಡುಗ ಕೋಲಿನಿಂದ ಅದನ್ನು ಬಡಿದು ಓಡಿಸುತ್ತ ಊರು ಸುತ್ತಿ ಬರುತ್ತಿದ್ದ. ಅವನೇ ಆ ಬೀದಿಯ ಸಾಹುಕಾರ. ಆದರೆ ಆ ಮಿತವ್ಯಯವೆಲ್ಲ ಟಯರು ಗಾಡಿಯಿಂದ ಇಳಿದ ಮೇಲಿನದು. ಗಾಡಿಯಲ್ಲಿರುವಾಗಲೇ ಬಕೆಟ್ಟಿನ ಯೋಗ್ಯತೆಗೆ ಇಳಿದ ಟಯರಿನ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದನ್ನು ನಮ್ಮ ಹಿರಿಯರ ತಲೆಗೆ ಕಟ್ಟಬೇಡಿ. ಅದೇ ಕಾರಿಗೆ ಎಂಟು ಸಾವಿರದ ಸೀಟು ಕವರು, ಎದೆ ನಡುಗಿಸುವ ಸ್ಪೀಕರು, ಬಣ್ಣದ ದೀಪ ಹಾಕಿಸುವಾಗ ಈ ಮಿತವ್ಯಯ ಎಲ್ಲಿ ಅಡಗಿರುತ್ತದೆಯೋ ನಾನು ಕಾಣೆ.

ಕೊಳ್ಳುವಾಗ ನೋಡಬೇಕಾದ್ದನ್ನು ಹೇಳಿಬಿಡುತ್ತೇನೆ. ಕಾರು ತಯಾರಿಸಿದವರು ಹೇಳಿದ ಅಳತೆಯನ್ನೇ ಹಾಕಿಸಿ. ಆಲ್ಟೊ 800ಕ್ಕೆ 145/80 ಆರ್ 12, ಸ್ವಿಫ್ಟಿನ ಕೆಳದರ್ಜೆಯ ಮಾದರಿಗಳಿಗೆ 165/80 ಆರ್ 14, ಹೀಗೆ. ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಅಗಲ. ಎರಡನೆಯದು ಆ ಅಗಲದ ಶೇಕಡ ಎಷ್ಟು ಎತ್ತರ ಎಂಬುದು. ಆರ್ ಎಂದರೆ ರೇಡಿಯಲ್. ಕೊನೆಯದು ಚಕ್ರದ ವ್ಯಾಸ, ಇಂಚಿನಲ್ಲಿ. ‘ಒಂದು ಸೈಜು ದೊಡ್ಡದು ಹಾಕಿಸಿ, ಗ್ರಿಪ್ಪು ಬರುತ್ತೆ’ ಎನ್ನುವವರ ಮಾತು ಕೇಳಿದರೆ ಸ್ಪೀಡೋಮೀಟರು ಸುಳ್ಳು ಹೇಳಲು ಕಲಿಯುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಅಳತೆಯ ನಂತರ ಒಂದು ಸಂಖ್ಯೆ, ಒಂದು ಅಕ್ಷರ ಇರುತ್ತವೆ. 85 ಎಂದಿದ್ದರೆ ಆ ಟಯರು 515 ಕಿಲೋ ಹೊರಬಲ್ಲದು. ಟಿ ಎಂದರೆ ಗಂಟೆಗೆ 190 ಕಿಲೋಮೀಟರಿಗೆ, ಎಚ್ ಎಂದರೆ 210ಕ್ಕೆ ತಕ್ಕದ್ದು. ಕಾರಿನ ಪುಸ್ತಕದಲ್ಲಿರುವುದಕ್ಕಿಂತ ಇವು ಕಡಮೆಯಿರಬಾರದು. ಹೆಚ್ಚಿನ ಅಕ್ಷರಕ್ಕೆ ಹೆಚ್ಚು ದುಡ್ಡು ಕೊಡುವ ಅಗತ್ಯವೂ ಇಲ್ಲ. ಮಲವಗೊಪ್ಪದ ಹತ್ತಿರ 190ರಲ್ಲಿ ಹೋಗುವವನಿಗೆ ಟಯರಿಗಿಂತ ವೈದ್ಯರ ಅವಶ್ಯಕತೆ ಹೆಚ್ಚು.

ಅತ್ಯಂತ ಮುಖ್ಯವಾದದ್ದು ಹುಟ್ಟಿದ ದಿನಾಂಕ. ಪಕ್ಕದಲ್ಲಿ ಡಿ.ಒ.ಟಿ. ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕೆಗಳಿರುತ್ತವೆ. 1425 ಎಂದಿದ್ದರೆ 2025ನೆಯ ಇಸವಿಯ ಹದಿನಾಲ್ಕನೆಯ ವಾರ. ಓಡದೆ ಅಂಗಡಿಯ ಅಟ್ಟದಲ್ಲಿ ಕುಳಿತರೂ ರಬ್ಬರಿಗೆ ವಯಸ್ಸಾಗುತ್ತದೆ. ಎರಡು ಮೂರು ವರ್ಷದ ಹಳೆಯ ದಾಸ್ತಾನನ್ನು ‘ಆಫರ್’ ಎಂದು ಕೊಟ್ಟರೆ ವಂದಿಸಿ ಹೊರಬನ್ನಿ. ಬಳಕೆಯಲ್ಲಿ ಐದು ವರ್ಷ ದಾಟಿದ ಟಯರನ್ನು ವರ್ಷಕ್ಕೊಮ್ಮೆಯಾದರೂ ಬಲ್ಲವರಿಗೆ ತೋರಿಸಬೇಕು. ತಯಾರಾಗಿ ಹತ್ತು ವರ್ಷವಾದದ್ದನ್ನು ಗೀರು ಎಷ್ಟೇ ಇರಲಿ ತೆಗೆದುಬಿಡಬೇಕು. ಸ್ಟೆಪ್ನಿಗೂ ಇದೇ ನಿಯಮ. ಡಿಕ್ಕಿಯೊಳಗೆ ಮಲಗಿದೆಯೆಂದು ಅದು ಚಿರಂಜೀವಿಯಲ್ಲ.

ಐ.ಎಸ್.ಐ. ಮುದ್ರೆ ಇದೆಯೇ ನೋಡಿ. ಅದು ನಮ್ಮಲ್ಲಿ ಕಡ್ಡಾಯ. ಒದ್ದೆ ರಸ್ತೆಯ ಹಿಡಿತಕ್ಕೂ ಕನಿಷ್ಠ ಮಟ್ಟವೊಂದನ್ನು ಗೊತ್ತುಪಡಿಸಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2022ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು, ವೆಟ್ ಗ್ರಿಪ್ ಎಷ್ಟು ಎಂಬುದು. ಕೆಲವು ಟಯರುಗಳ ಮೇಲಿನ ನಕ್ಷತ್ರಗಳ ಚೀಟಿ ಇಂಧನ ಉಳಿತಾಯಕ್ಕೆ ಸಂಬಂಧಿಸಿದ್ದು. ಮಳೆಯಲ್ಲಿ ನಿಲ್ಲುವ ಶಕ್ತಿಗೆ ಅದು ಸಾಕ್ಷಿಯಲ್ಲ. ಇಂಥದೇ ಕಂಪನಿಯದನ್ನು ಕೊಳ್ಳಿ ಎಂದು ಹೇಳಲಾರೆ. ಮದರಾಸಿನ ತಿರುವೊತ್ತಿಯೂರಿನಲ್ಲಿ 1946ರಲ್ಲಿ ಮಕ್ಕಳ ಬಲೂನು ಮಾಡುತ್ತಿದ್ದವರು ಮುಂದೆ ಎಂ.ಆರ್.ಎಫ್. ಟಯರು ಮಾಡಿ ಜಗತ್ತಿಗೆ ಮಾರಿದರು. ನಮ್ಮ ಮೈಸೂರಿನ ವಿಕ್ರಾಂತ್ ಕಾರ್ಖಾನೆ 1997ರಲ್ಲಿ ಜೆ.ಕೆ. ಸಂಸ್ಥೆಯ ಕೈಸೇರಿ ಇಂದಿಗೂ ಟಯರು ಮಾಡುತ್ತಿದೆ. ಈ ದೇಶದ ಬಿಸಿಲು ಮಳೆ ಬಲ್ಲ ಇಂಥ ನಾಲ್ಕಾರು ತಯಾರಕರ ಮಧ್ಯಮ ಬೆಲೆಯ ಟಯರುಗಳಲ್ಲಿ ಯಾವುದಾದರೂ ನಿಮ್ಮ ಕೆಲಸಕ್ಕೆ ಸಾಕು. 2025ರ ಸೆಪ್ಟೆಂಬರ್ 22ರಿಂದ ಕಾರಿನ ಟಯರಿನ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿದಿದೆ. 1,280 ರೂಪಾಯಿ ಇದ್ದದ್ದು 1,180 ಆಗಿರಬೇಕು. ಆಗಿದೆಯೇ ಎಂದು ಬಿಲ್ಲು ಕೇಳಿ. ಬಿಲ್ಲಿಲ್ಲದ ಟಯರು ಬೇಡ.

ನಾಲ್ಕನ್ನೂ ಒಟ್ಟಿಗೆ ಕೊಳ್ಳಲು ಆಗದವರು ಎರಡು ಕೊಳ್ಳಿ, ತಪ್ಪಿಲ್ಲ. ಆದರೆ ಅವನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ. ಇಲ್ಲಿ ನನಗೆ ಎಲ್ಲ ಅಂಗಡಿಗಳೊಡನೆಯೂ ಜಗಳ. ‘ಸ್ಟೇರಿಂಗ್ ಮುಂದಿದೆ, ಇಂಜಿನ್ ಮುಂದಿದೆ, ಹೊಸದು ಮುಂದಕ್ಕೇ ಇರಲಿ’ ಎಂಬ ತರ್ಕ ಕೇಳಲು ಸರಿಯಾಗಿಯೇ ಇದೆ. ಆದರೆ ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಕೈಗೆ ತಿಳಿಯುತ್ತದೆ, ಕಾಲು ತೆಗೆದರೆ ಕಾರು ಹಿಡಿತಕ್ಕೆ ಬರುವ ಅವಕಾಶವಿದೆ. ಹಿಂದಿನದು ಜಾರಿದರೆ ಕಾರು ಬುಗುರಿಯಂತೆ ಸುತ್ತುತ್ತದೆ. ಆ ಕ್ಷಣದಲ್ಲಿ ನಾವು ನೀವು ಮಾಡಬಲ್ಲದ್ದು ಏನೂ ಇಲ್ಲ. ಮೈಕೆಲಿನ್‌ನಂಥ ದೊಡ್ಡ ತಯಾರಕರೇ ಹೊಸದು ಹಿಂದಕ್ಕೆ ಎಂದು ಹೇಳುತ್ತಾರೆ. ಅಂಗಡಿಯವನು ಗೊಣಗಿದರೆ ಗೊಣಗಲಿ.

‘ರಸ್ತೆಯನ್ನೇ ಸರಿಮಾಡದ ಸರ್ಕಾರವನ್ನು ಬಿಟ್ಟು ನಮ್ಮನ್ನೇಕೆ ಬೈಯುತ್ತೀರಿ ಸಾರ್?’ ಎಂದು ನಿಮ್ಮಲ್ಲಿ ಒಬ್ಬರಾದರೂ ಬರೆಯುತ್ತೀರಿ, ಬಲ್ಲೆ. ಸರ್ಕಾರವನ್ನು ಬೈಯಿರಿ, ಬೇಕಾದರೆ ಅರ್ಜಿ ನಾನೇ ಬರೆದುಕೊಡುತ್ತೇನೆ. ಆದರೆ ಹೊಂಡ ತುಂಬುವವರೆಗೆ ನಿಮಗೂ ರಸ್ತೆಗೂ ನಡುವೆ ಇರುವುದು ನಾಲ್ಕು ಅಂಗೈಗಳಷ್ಟು ರಬ್ಬರು. ಅದು ಲೋಕೋಪಯೋಗಿ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

ಆಯುಧಪೂಜೆಯ ದಿನ ಬಿ.ಎಚ್. ರಸ್ತೆಯ ಉದ್ದಕ್ಕೂ ನೋಡುತ್ತೇನೆ. ಕಾರು ತೊಳೆದು, ಸೇವಂತಿಗೆ ಹಾರ ಹಾಕಿ, ಕುಂಬಳಕಾಯಿ ಒಡೆದು, ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಭಕ್ತಿಯಿಂದ ಹತ್ತಿಸುತ್ತಾರೆ. ನನ್ನ ಆಕ್ಷೇಪವೇನೂ ಇಲ್ಲ. ನಮ್ಮ ಮನೆಯಲ್ಲೂ ಮಾಡುತ್ತೇವೆ. ನಿಂಬೆಹಣ್ಣು ಇಡಲು ಹೇಗೂ ಮಂಡಿಯೂರಿ ಬಗ್ಗುತ್ತೀರಿ. ಆಗ ಒಮ್ಮೆ ಟಯರನ್ನೂ ನೋಡಬಾರದೆ? ಆ ಹೊತ್ತಿಗೆ ಮಳೆಗಾಲ ಬಹುಪಾಲು ಕಳೆದಿರುತ್ತದೆ ಎಂಬುದೊಂದೇ ತೊಂದರೆ. ಆದ್ದರಿಂದ ಮೇ ತಿಂಗಳಿನಲ್ಲಿಯೂ ಒಮ್ಮೆ, ನಿಂಬೆಹಣ್ಣಿಲ್ಲದೆ, ಬಗ್ಗಿ ನೋಡಿ.

ಗಾಳಿ ಅಳೆಯುವ ಗೇಜು, ಗೀರಿನ ಆಳ ಅಳೆಯುವ ಪುಟ್ಟ ಕಡ್ಡಿ, ಎರಡೂ ನನ್ನ ಮನೆಯಲ್ಲಿವೆ. ಹಳೆಯ ವಿದ್ಯಾರ್ಥಿಗಳು ಯಾವ ಭಾನುವಾರ ಬೇಕಾದರೂ ಕಾರು ತರಬಹುದು. ಬೆಳಗ್ಗೆ ಎಂಟರೊಳಗೆ, ಟಯರು ತಣ್ಣಗಿರುವಾಗಲೇ ಬನ್ನಿ. ಬಿಸಿ ಟಯರಿನಲ್ಲಿ ಗಾಳಿಯ ಅಳತೆ ಹೆಚ್ಚು ತೋರಿಸುತ್ತದೆ. ದೂರದಿಂದ ಬರುವವರು ಕಾರು ನಿಲ್ಲಿಸಿ ಕಾಫಿ ತಿಂಡಿ ಮುಗಿಸಿಕೊಳ್ಳಿ. ಅಷ್ಟರಲ್ಲಿ ಅದು ಸ್ವಲ್ಪವಾದರೂ ತಣಿಯುತ್ತದೆ.